ಗಂಡನ ಕೋರ್ಟ್ ಬಾಕಿಗೆ ಹೋದ ನನ್ನ ರೀಫಂಡ್ ವಾಪಸ್ ಬಂದ ಬಗೆ (ಅಮೆರಿಕ)

ಗಂಡನ ಜೊತೆ ಸಲ್ಲಿಸಿದ ಜಂಟಿ ತೆರಿಗೆ ರಿಟರ್ನಿನ ಫೆಡರಲ್ ರೀಫಂಡ್ ಪೂರ್ತಿ ಕಡಿತ. ಕಾರಣ, ಗಂಡನ ಮೊದಲ ಮದುವೆಯ ಮಕ್ಕಳಿಗೆ ಕೋರ್ಟ್ ವಿಧಿಸಿದ್ದ ಜೀವನಾಂಶದ ಬಾಕಿ.

ಐಆರ್‌ಎಸ್‌ಗೆ (ಫೆಡರಲ್ ತೆರಿಗೆ ಇಲಾಖೆ) ಫೋನ್ ಮಾಡಿ ಪ್ರಯೋಜನವಿಲ್ಲ. ಬಾಕಿಯ ತಕರಾರು ಅವರ ಕೈಯಲ್ಲಿಲ್ಲ. ಫಾರ್ಮ್ 8857 ಕೂಡ ಇದಕ್ಕೆ ಉಪಯೋಗವಿಲ್ಲ, ಅದು ಸಂಗಾತಿಯ ತೆರಿಗೆ ಹೊಣೆಯಿಂದ ಬಿಡುಗಡೆ ಕೇಳಲು.

ಬೇಕಾದದ್ದು ಫಾರ್ಮ್ 8379, ಜಂಟಿ ರೀಫಂಡಿನಲ್ಲಿ ನಮ್ಮ ಪಾಲು ವಾಪಸ್ ಕೇಳಲು. ಹೆಸರು, ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ) ರಿಟರ್ನಿನಲ್ಲಿದ್ದ ಕ್ರಮದಲ್ಲೇ ಬರೆದು, ಬಾಕಿ ಇಲ್ಲದವರ ಎದುರಿನ ಚೌಕಕ್ಕೆ ಟಿಕ್ ಹಾಕಿ. ಎಡವುವುದು ಮೊತ್ತಗಳನ್ನು ಇಬ್ಬರಿಗೂ ಹಂಚುವ ಮೂರನೇ ಭಾಗದಲ್ಲಿ: ಸಂಬಳ, ಕಡಿತವಾದ ತೆರಿಗೆ ಅವರವರ ಡಬ್ಲ್ಯೂ-2 (ಕೆಲಸ ಕೊಟ್ಟವರು ನೀಡುವ ಸಂಬಳ-ತೆರಿಗೆ ಪತ್ರ) ಪ್ರಕಾರ, ಸ್ಟ್ಯಾಂಡರ್ಡ್ ಡಿಡಕ್ಷನ್ (ಎಲ್ಲರಿಗೂ ಸಿಗುವ ನಿಗದಿತ ತೆರಿಗೆ ವಿನಾಯಿತಿ) ಅರ್ಧರ್ಧ. ಬಿ (ಬಾಕಿ ಇಲ್ಲದವರ ಪಾಲು), ಸಿ (ಇನ್ನೊಬ್ಬರ ಪಾಲು) ಕಾಲಂ ಕೂಡಿದರೆ ಎ (ಜಂಟಿ ರಿಟರ್ನಿನ ಮೊತ್ತ) ಬರಲೇಬೇಕು. ಇಬ್ಬರ ಡಬ್ಲ್ಯೂ-2 ಪ್ರತಿಯನ್ನೂ ಲಗತ್ತಿಸಿ. ರಿಟರ್ನಿನ ನಂತರ ಫಾರ್ಮ್ ಮಾತ್ರ ಪ್ರತ್ಯೇಕವಾಗಿ ಕಳಿಸಿದರೆ ಸುಮಾರು 8 ವಾರ. ಕ್ಯಾಲಿಫೋರ್ನಿಯಾದಂಥ ಸಮುದಾಯ ಆಸ್ತಿ ರಾಜ್ಯಗಳಲ್ಲಿ (ಮದುವೆಯ ನಂತರದ ಗಳಿಕೆ ಸಾಮಾನ್ಯವಾಗಿ ಇಬ್ಬರದೂ ಎನ್ನುವಲ್ಲಿ) ಪಾಲು ಆ ರಾಜ್ಯದ ಕಾನೂನಿನಂತೆ.