6 ಸಲದ ಲೆಕ್ಕ: ಕೈರೋಪ್ರಾಕ್ಟಿಕ್‌ನಲ್ಲಿ ನನ್ನ ಅನುಭವ

ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ನೋವಿಗೆ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟಿಕ್ ನನ್ನ ಕೆಲಸ. ಬಂದವರನ್ನು 6 ಸಲ ಟೇಬಲ್ ಮೇಲೆ ಮಲಗಿಸಿ ನೋಡುತ್ತೇನೆ. ಅಷ್ಟರಲ್ಲಿ ಫರಕು ಕಾಣದಿದ್ದರೆ ಕೈ ತೆಗೆದು ಬೇರೆ ಡಾಕ್ಟರಿಗೆ ಚೀಟಿ ಬರೆದುಕೊಡುತ್ತೇನೆ. ಸುಮಾರು 9 ವರ್ಷದ ಹಿಂದೆ ಈ ನಿಯಮ ಹಾಕಿಕೊಂಡಾಗ ನಮ್ಮ ವೃತ್ತಿಯವರೇ ಹೇಳಿದ್ದರು, "ಕ್ಲಿನಿಕ್ ಬಾಗಿಲು ಹಾಕ್ತೀರಿ ನೋಡಿ" ಅಂತ. ಹಾಕಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೇ ಇದ್ದೆ. ಎಕ್ಸ್‌ರೇ ತೆಗೆಸುವುದು, ಅದರ ಮೇಲೆ ಗೆರೆ ಎಳೆಯುವುದು, "ಇಲ್ಲಿ ಸಬ್‌ಲಕ್ಸೇಶನ್ ಇದೆ" (ಬೆನ್ನಿನ ಮೂಳೆ ಜಾಗ ತಪ್ಪಿ ನರಕ್ಕೆ ಅಡ್ಡಿಯಾಗಿದೆ ಅನ್ನುವುದಕ್ಕೆ ನಮ್ಮವರ ಮಾತು) ಎಂದು ತೋರಿಸುವುದು, 24 ಸಲದ ಪ್ಯಾಕೇಜ್ ಬರೆದು ದುಡ್ಡು ಮುಂಗಡ ತೆಗೆದುಕೊಳ್ಳುವುದು. ನಂಬಿಯೇ ಮಾಡುತ್ತಿದ್ದೆ. ಹೊಸಬರು ಬಂದರೆ 1895ರ ಕಥೆ ಹೇಳುತ್ತಿದ್ದೆ: ಅಮೆರಿಕದ ಡ್ಯಾವೆನ್‌ಪೋರ್ಟ್‌ನಲ್ಲಿ, ಕೈರೋಪ್ರಾಕ್ಟಿಕ್ ಶುರುಮಾಡಿದ ಡಿ.ಡಿ. ಪಾಮರ್ ಅವರು ಹಾರ್ವೆ ಲಿಲಾರ್ಡ್ ಎಂಬವರ ಬೆನ್ನು ಒತ್ತಿದ್ದು, ಅವರಿಗೆ ಕಿವಿ ಕೇಳಿಸಿತು ಅಂದದ್ದು. ಒಮ್ಮೆ ಶಾಲಾ ಟೀಚರ್ ಒಬ್ಬರು ಕೇಳಿದರು, "ಕಿವಿಯ ನರ ತಲೆಬುರುಡೆಯ ಒಳಗಿಂದಲೇ ಮೆದುಳಿಗೆ ಹೋಗುತ್ತಲ್ವಾ? ಬೆನ್ನುಮೂಳೆಗೆ ಯಾಕೆ ಬರುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಆ ಕಥೆ ಹೇಳುವುದು ಬಿಟ್ಟೆ.

ಆದರೆ ಕಲಿತದ್ದನ್ನೆಲ್ಲ ಬಿಡಲಿಲ್ಲ. 1927ರಲ್ಲಿ ಸ್ಟೀಫನ್‌ಸನ್ ಎಂಬವರು ಬರೆದಿಟ್ಟ ಕೈರೋಪ್ರಾಕ್ಟಿಕ್‌ನ 33 ತತ್ವಗಳನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಎಲ್ಲರೂ 31ನೆಯದನ್ನೇ ಹಿಡಿದುಕೊಂಡಿರುತ್ತಾರೆ, ಅದೇ ಸಬ್‌ಲಕ್ಸೇಶನ್‌ನದು. ನನ್ನ ಕೈ ಹಿಡಿದದ್ದು 6 ಮತ್ತು 24ನೇ ತತ್ವ. ಸಮಯ ಬೇಡದ ಕೆಲಸವೇ ಇಲ್ಲ ಅನ್ನುತ್ತದೆ 6. ದೇಹದೊಳಗಿನ ಇನ್ನೇಟ್‌ಗೂ (ದೇಹವನ್ನು ನಡೆಸುವ ಹುಟ್ಟುಬುದ್ಧಿಗೆ ನಮ್ಮಲ್ಲಿ ಇಟ್ಟ ಹೆಸರು) ಒಂದು ಮಿತಿ ಇದೆ ಅನ್ನುತ್ತದೆ 24. ದೇಹ ತಾನೇ ವಾಸಿ ಮಾಡಿಕೊಳ್ಳುತ್ತದೆ ಅಂತ ನಿಜವಾಗಿ ನಂಬಿದ್ದರೆ ಅದಕ್ಕೆ ಟೈಮ್ ಕೊಡಬೇಕು. ಮಿತಿ ದಾಟಿದ್ದರೆ ಒಪ್ಪಿಕೊಳ್ಳಬೇಕು. ಮುಗಿಯದ ಪ್ಯಾಕೇಜು ಈ ಎರಡಕ್ಕೂ ವಿರುದ್ಧ.

ಇದು ಓದಿ ತಿಳಿದದ್ದಲ್ಲ, ಪೆಟ್ಟು ತಿಂದು ತಿಳಿದದ್ದು. ಸೊಂಟದಿಂದ ಕಾಲಿಗೆ ನೋವು ಇಳಿಯುತ್ತಿದ್ದ ಒಬ್ಬರು ಪ್ಯಾಕೇಜ್‌ನ 14ನೇ ಸಲಕ್ಕೋ ಏನೋ ಬಂದಿದ್ದರು. ಬಾಗಿಲಿಂದ ಟೇಬಲ್‌ಗೆ ಬರುವಷ್ಟರಲ್ಲಿ ಬಲಗಾಲಿನ ಚಪ್ಪಲಿ ಜಾರಿ ಹಿಂದೆ ಉಳಿಯಿತು. ತಿರುಗಿ ಹೋಗಿ ಹಾಕಿಕೊಂಡರು. ಅದಕ್ಕೂ ಹಿಂದೆ ಎರಡು ಸಲ ಹಾಗೇ ಆಗಿದ್ದನ್ನು ನಾನು ನೋಡಿದ್ದೆ, ಕೇಳಿರಲಿಲ್ಲ. ಅವತ್ತು ಅವರ ಹೆಂಡತಿಯೇ ಅಂದರು, "ಡಾಕ್ಟ್ರೇ, ಇವರಿಗೆ ಪಾದ ಮೇಲೆತ್ತೋಕೇ ಆಗ್ತಿಲ್ಲ." ಹಿಮ್ಮಡಿ ಮೇಲೆ ನಡೆಯಿರಿ ಅಂದೆ. ಆಗಲಿಲ್ಲ. ಅದೇ ದಿನ ಆಸ್ಪತ್ರೆಗೆ ಕಳಿಸಿದೆ, ಆಪರೇಷನ್ ಆಯಿತು, ಪಾದಕ್ಕೆ ಬಹುಪಾಲು ಶಕ್ತಿ ಬಂತು. ಪ್ಯಾಕೇಜ್ ದುಡ್ಡು ಪೂರ್ತಿ ವಾಪಸ್ ಕೊಟ್ಟೆ. ದುಡ್ಡು ಹೋದದ್ದಕ್ಕಿಂತ ಆ ಚಪ್ಪಲಿ ಜಾಸ್ತಿ ಕಾಡಿತು.

ಆಗಿನಿಂದ ಪ್ರತಿ ಸಲ, ಕೈ ಹಚ್ಚುವ ಮುಂಚೆ, ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ. ತೊಡೆಸಂದಿ ಜೋಮು ಹಿಡಿದಿದೆಯಾ, ಮೂತ್ರಕ್ಕೆ ತೊಂದರೆ ಇದೆಯಾ ಅಂತ ಎರಡು ಪ್ರಶ್ನೆ. ಹಿಂದೆಂದೂ ಬಾರದಂಥ ಕುತ್ತಿಗೆ ನೋವು, ತಲೆನೋವು ಏಕಾಏಕಿ ಬಂದಿದ್ದು ಜೊತೆಗೆ ತಲೆ ಸುತ್ತುತ್ತಿದ್ದರೆ ಮುಟ್ಟುವುದೇ ಇಲ್ಲ. ಕುತ್ತಿಗೆಯ ರಕ್ತನಾಳ ಸೀಳಿದ್ದರೂ ಶುರುವಿನಲ್ಲಿ ಅಷ್ಟೇ ಕಾಣುವುದು.

ಈಗಿನ ಕ್ರಮ ಇಷ್ಟು. ಬಂದವರಿಗೆ ಆಗದ ಒಂದೇ ಒಂದು ಕೆಲಸ ಆರಿಸಿಕೊಳ್ಳುತ್ತೇನೆ. ಹೆಚ್ಚಿನವರದು ಕಾಲುಚೀಲ ಹಾಕಿಕೊಳ್ಳುವುದು. ಬಗ್ಗಿದಾಗ ಬೆರಳು ಎಲ್ಲಿಗೆ ಮುಟ್ಟುತ್ತೆ ನೋಡಿ ಗೋಡೆಗೆ ಟೇಪ್ ಅಂಟಿಸುತ್ತೇನೆ. ಅಡ್ಜಸ್ಟ್ ಮಾಡಿದ, ಅಂದರೆ ಕೈಯಿಂದ ಒತ್ತಿ ಕೀಲು ಬಿಡಿಸಿದ ತಕ್ಷಣ ಮತ್ತೆ ಬಗ್ಗಿಸುತ್ತೇನೆ. ಆ ಕ್ಷಣ ಎಲ್ಲರೂ ಎರಡು ಬೆರಳು ಕೆಳಗೆ ಹೋಗುತ್ತಾರೆ, ಅದಕ್ಕೆ ಬೆಲೆ ಕೊಡಬೇಡಿ. ಮುಂದಿನ ಸಲ ಬಂದಾಗ, ಮುಟ್ಟುವ ಮೊದಲು, ಎಲ್ಲಿದೆ ಅನ್ನುವುದೇ ನನ್ನ ಲೆಕ್ಕ. 3ನೇ ಸಲಕ್ಕೂ ಆ ಫರಕು ಉಳಿಯದಿದ್ದರೆ ಟೆಕ್ನಿಕ್ ಬದಲಿಸುತ್ತೇನೆ. 6ಕ್ಕೂ ಇಲ್ಲದಿದ್ದರೆ ಚೀಟಿ.

ಬಿಗಿದುಕೊಂಡ ನಡುಬೆನ್ನನ್ನು ಥ್ರಸ್ಟ್ (ಥಟ್ಟನೆ ಒತ್ತುವುದು) ಇಲ್ಲದೆ ಬಿಡಿಸುವ ಒಂದು ಕೈ ನನ್ನದೇ ಇದೆ. ಉಸಿರಿನ ಮೇಲೆ ನಿಂತಿರುವುದು ಅಂತ ಮಾತ್ರ ಹೇಳುತ್ತೇನೆ. ಉಳಿದದ್ದು ಟೇಬಲ್ ಪಕ್ಕ ಬಂದು ನಿಂತವರಿಗೆ.

ಮಧ್ಯೆ ಸುಮ್ನೆ ಒಂದೆರಡು ಪರೀಕ್ಷೆಯನ್ನೂ ಮಾಡಿದೆ. ಒಂದು ಕಾಲು ಗಿಡ್ಡ ಅಂತ ನೋಡುತ್ತೇವಲ್ಲ, ಅದನ್ನು ನಾನೂ ನನ್ನ ಸಹಾಯಕರೂ ಒಬ್ಬರಿಗೊಬ್ಬರು ಹೇಳದೆ 30 ಜನರಲ್ಲಿ ನೋಡಿ ಬರೆದೆವು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೊಂದಿತು, ಅಷ್ಟೇ. ನಾಣ್ಯ ಚಿಮ್ಮಿದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. ಒತ್ತಿದಾಗ ನೋಯುವ ಜಾಗ ಮಾತ್ರ ಇಬ್ಬರಿಗೂ ಹೆಚ್ಚಾಗಿ ಒಂದೇ ಸಿಕ್ಕಿತು. ಈಗ ಕಾಲು ಅಳೆಯುವುದಿಲ್ಲ, ನೋವು ಒತ್ತಿ ನೋಡುತ್ತೇನೆ.

ಇನ್ನೊಂದು, ಅಡ್ಜಸ್ಟ್ ಮಾಡುವಾಗ ಬರುವ ನೆಟಿಕೆಯ ಸದ್ದು. ಬೆರಳಿನ ನೆಟಿಕೆ ತೆಗೆದ ಹಾಗೇ ಇದೂ, ಕೀಲಿನ ದ್ರವದಲ್ಲಿ ಗಾಳಿಗುಳ್ಳೆಯ ಆಟ. ಮೂಳೆ ಜಾಗಕ್ಕೆ ಬಂದು ಕೂತ ಸದ್ದಲ್ಲ. ಸದ್ದು ಬಂತು, ಬರಲಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಒಂದು ವರ್ಷ ಗುರುತು ಹಾಕಿದೆ. ಮುಂದಿನ ಸಲದ ಟೇಪ್‌ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಆದರೂ ಸದ್ದು ಬರಲಿಲ್ಲ ಅಂತ ಬೇಜಾರಾಗಿ ಹೋದವರಿದ್ದಾರೆ. ಆ ಸದ್ದಿಗಾಗಿಯೇ ಕುತ್ತಿಗೆ ಎರಡೆರಡು ಸಲ ತಿರುಗಿಸುವುದನ್ನು ದಯವಿಟ್ಟು ಬಿಡಿ.

ದುಡ್ಡಿನ ವಿಷಯ. ಪ್ಯಾಕೇಜ್ ನಿಲ್ಲಿಸಿದ ಮೊದಲ ವರ್ಷ ಆದಾಯ ನೂರಕ್ಕೆ 40ರಷ್ಟು ಬಿತ್ತು. ಡ್ರಾಪ್ ಟೇಬಲ್‌ನ (ಒತ್ತಿದಾಗ ಭಾಗಗಳು ಸ್ವಲ್ಪ ಕೆಳಗಿಳಿಯುವ ಚಿಕಿತ್ಸೆಯ ಟೇಬಲ್) ಕಂತು ಬಾಕಿ ಇತ್ತು, ಎರಡು ತಿಂಗಳು ಸಾಲ ಮಾಡಿ ಕಟ್ಟಿದೆ. ಎರಡನೇ ವರ್ಷ ಚೀಟಿಗಳು ಕೆಲಸ ಮಾಡಿದವು. ನಾನು ಕಳಿಸಿದವರನ್ನು ನೋಡಿದ ಮೂಳೆ ಡಾಕ್ಟರುಗಳು ತಮ್ಮ ಕಡೆಯ ಸಾದಾ ಸೊಂಟನೋವಿನವರನ್ನು ನನ್ನ ಹತ್ತಿರ ಕಳಿಸತೊಡಗಿದರು. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ಅಲ್ಲಿನ ಡಾಕ್ಟರುಗಳ ಸಂಘ ಸೊಂಟನೋವಿಗೆ ಔಷಧಿಗಿಂತ ಮೊದಲು ನೋಡಬಹುದಾದವುಗಳಲ್ಲಿ ನಮ್ಮ ಮ್ಯಾನಿಪ್ಯುಲೇಶನ್ (ಕೈಯಿಂದ ಬೆನ್ನುಮೂಳೆ ಒತ್ತುವ ಚಿಕಿತ್ಸೆ) ಅನ್ನೂ ಸೇರಿಸಿತ್ತು, ಮಾತಾಡಲು ಅದೂ ನೆರವಾಯಿತು. ಈಗ ಒಬ್ಬೊಬ್ಬರು ಸರಾಸರಿ 4 ಸಲ ಬರುತ್ತಾರೆ, ಹೊಸಬರು ಮೊದಲಿಗಿಂತ ಎರಡರಷ್ಟು. 3ನೇ ವರ್ಷಕ್ಕೆ ಹಳೆಯ ಆದಾಯ ದಾಟಿದೆ. ಬಾಗಿಲು ಹಾಕ್ತೀರಿ ಅಂದವರಲ್ಲಿ ಇಬ್ಬರು ಈಗ ಟೇಪ್ ಅಂಟಿಸುತ್ತಿದ್ದಾರೆ.

ಎರಡು ತಿಂಗಳಿಂದ ಹೊಸದೊಂದು ನೋಡುತ್ತಿದ್ದೇನೆ. ಅಪಾಯದ ಲಕ್ಷಣ ಇಲ್ಲದ ಸೊಂಟನೋವಿನವರನ್ನು ಕೇಳಿ, ಒಪ್ಪಿದರೆ, ಮೊದಲ ಸಲ ಅಡ್ಜಸ್ಟ್ ಮಾಡದೆ ಬರೀ ನಡಿಗೆ ಮತ್ತು ಎರಡು ಚಲನೆ ಹೇಳಿಕೊಟ್ಟು ಕಳಿಸುವುದು. ಇವತ್ತಿಗೆ 11 ಜನ ಆದರು. 4 ಜನ ಎರಡನೇ ಸಲ ಬರುವಾಗ ಕಾಲುಚೀಲ ತಾವೇ ಹಾಕಿಕೊಂಡು ಬಂದರು. 30 ಆಗಲಿ, ಬರೆಯುತ್ತೇನೆ.