ಮೂಗುತಿಯ ಸನ್ನೆಗೆ ಮರಳಿದ್ದು

ಬದಿಯಡ್ಕದ ನಮ್ಮ ಮನೆಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ನಡೆಯುತ್ತವೆ; ಹುಟ್ಟಿನಿಂದಲೇ ಕಿವುಡಾಗಿರುವ ನನ್ನ ಮಗಳಿಗೆ ಮೂರೂ ಕೇಳಿಸುವುದಿಲ್ಲ. ಆದ್ದರಿಂದ ಮನೆಮಂದಿಯೇ ಸೇರಿ ಸನ್ನೆಗಳನ್ನು ಕಟ್ಟಿಕೊಂಡೆವು. ಮೂಗುತಿಯ ಜಾಗವನ್ನು ಮುಟ್ಟಿದರೆ ಅಮ್ಮ, ಮೀಸೆ ತಿರುವಿದರೆ ಅಪ್ಪ, ಐದು ಬೆರಳುಗಳ ತುದಿ ಕೂಡಿಸಿ ಬಾಯಿಯ ಬಳಿಗೆ ಒಯ್ದರೆ ಊಟ.

ಅವಳಿಗೆ ಐದು ತುಂಬಿದಾಗ ‘ಸರಿಯಾದ’ ಸಂಜ್ಞಾಭಾಷೆಯನ್ನು ಕಲಿಸಲು ಹೊರಟು ತಪ್ಪು ಮಾಡಿದೆ. ಅದು ಜಗತ್ತಿಗೆಲ್ಲ ಒಂದೇ ಎಂದು ನಂಬಿ, ಮೊಬೈಲಿನಲ್ಲಿ ಮೊದಲು ಸಿಕ್ಕಿದ ಅಮೆರಿಕದ ವೀಡಿಯೊಗಳನ್ನೇ ಆರು ತಿಂಗಳು ಅಭ್ಯಾಸ ಮಾಡಿಸಿದೆ. ಅಲ್ಲಿ ಹೆಬ್ಬೆರಳನ್ನು ಗದ್ದಕ್ಕೆ ತಾಗಿಸಿದರೆ ತಾಯಿ, ಹಣೆಗೆ ತಾಗಿಸಿದರೆ ತಂದೆ; ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ. ಮಂಗಳೂರಿನ ತರಗತಿಯೊಂದಕ್ಕೆ ಮೊದಲ ಸಲ ಹೋದ ದಿನ ಮಗಳು ಹೆಮ್ಮೆಯಿಂದ ತನ್ನ ಹೆಸರನ್ನು ಹಾಗೆ ಬಿಡಿಸಿ ತೋರಿಸಿದಳು. ಎದುರಿಗಿದ್ದ ಮಕ್ಕಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳ ಕೈ ಮೆಲ್ಲನೆ ಕೆಳಗಿಳಿದದ್ದನ್ನು ನಾನು ಮರೆತಿಲ್ಲ.

ಭಾರತೀಯ ಸಂಜ್ಞಾಭಾಷೆಯಲ್ಲಿ ಹೆಚ್ಚಿನ ಅಕ್ಷರಗಳಿಗೆ ಎರಡು ಕೈ ಬೇಕು. ಎ, ಇ, ಐ, ಒ, ಯು ಎಂಬ ಸ್ವರಗಳಿಗೆ ಹೆಬ್ಬೆರಳಿನಿಂದ ಕಿರುಬೆರಳಿನವರೆಗಿನ ತುದಿಗಳನ್ನು ಇನ್ನೊಂದು ಕೈಯಿಂದ ಕ್ರಮವಾಗಿ ಮುಟ್ಟುತ್ತಾರೆ. ಇದು ಬ್ರಿಟನ್ನಿನ ಪದ್ಧತಿಯಿಂದ ಬಂದದ್ದು. ಬ್ರಿಟನ್, ಅಮೆರಿಕಗಳೆರಡರಲ್ಲೂ ಮಾತು ಇಂಗ್ಲಿಷೇ ಆಗಿದ್ದರೂ ಒಂದರ ಸಂಜ್ಞೆ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ; ಏಕೆಂದರೆ 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಕಿವುಡರ ಶಾಲೆ ತೆರೆದಾಗ ಅಲ್ಲಿ ಪಾಠ ಹೇಳಿದ ಲಾರೆಂಟ್ ಕ್ಲರ್ಕ್ ಪ್ಯಾರಿಸ್ಸಿನಿಂದ ಬಂದವರು, ಹಾಗಾಗಿ ಅಲ್ಲಿಯ ಸಂಜ್ಞೆಗಳಿಗೆ ಫ್ರೆಂಚ್ ಸಂಜ್ಞಾಭಾಷೆಯ ನಂಟಿದೆ.

ತರಗತಿಯ ಶಿಕ್ಷಕಿಯೂ ಕಿವುಡರೇ. ಹೆಂಗಸು ಎಂಬುದಕ್ಕೆ ಅವರು ಮೂಗುತಿಯ ಜಾಗವನ್ನೂ ಗಂಡಸು ಎಂಬುದಕ್ಕೆ ಮೀಸೆಯನ್ನೂ ತೋರಿಸಿದಾಗ ಮಗಳು ನನ್ನ ಕಡೆ ತಿರುಗಿ ನಕ್ಕಳು. ಮನೆಯ ಸನ್ನೆಗಳನ್ನು ನಾನು ಸುಮ್ಮನೆ ಬಿಡಿಸಿದ್ದೆ.

ಅಲ್ಲಿಂದ ಮುಂದೆ ನಾನೂ ಅವಳ ಪಕ್ಕದಲ್ಲಿ ಕುಳಿತು ಕಲಿತೆ. ಕೈಗಿಂತ ವಾಕ್ಯವೇ ಕಷ್ಟವಾಯಿತು. ‘ನೀನು ಎಲ್ಲಿಗೆ ಹೋಗುತ್ತೀ’ ಎಂಬುದು ‘ನೀನು, ಹೋಗು, ಎಲ್ಲಿ’ ಎಂದಾಗುತ್ತದೆ, ಪ್ರಶ್ನೆಯ ಪದ ಕೊನೆಗೇ ಬರಬೇಕು. ಹೌದು ಅಥವಾ ಅಲ್ಲ ಎಂಬ ಉತ್ತರದ ಪ್ರಶ್ನೆಯಾದರೆ ಹುಬ್ಬು ಏರಿಸಬೇಕು. ಹುಬ್ಬು ಏರಿಸದೆ ‘ಊಟ ಆಯಿತೇ’ ಎಂದು ನಾನು ಕೇಳಿದ್ದೆಲ್ಲವೂ ಅವಳಿಗೆ ‘ಊಟ ಆಯಿತು’ ಎಂದೇ ಕಂಡಿತ್ತು. 2021ರಲ್ಲಿ ಹತ್ತು ಸಾವಿರ ಪದಗಳಿಗೆ ಬೆಳೆದ ಭಾರತೀಯ ಸಂಜ್ಞಾಭಾಷೆಯ ವೀಡಿಯೊ ನಿಘಂಟನ್ನು ದಿನವೂ ನೋಡುತ್ತೇನೆ. ಆದರೂ ಸಂಶಯ ಬಂದಾಗ ಶಿಕ್ಷಕಿಯನ್ನೇ ಕೇಳುತ್ತೇನೆ, ಏಕೆಂದರೆ ಮುಖದ ಭಾವ ಎಷ್ಟಿರಬೇಕೆಂಬುದನ್ನು ಆ ಭಾಷೆಯಲ್ಲಿ ಬದುಕುವವರೇ ತಿದ್ದಬೇಕು.

ಕೇಳಿಸುವವರ ಕೈಸನ್ನೆಯೂ ದೇಶಕ್ಕೊಂದು ಬಗೆ. ದುಬೈಯಲ್ಲಿ ಹದಿನೈದು ವರ್ಷ ದುಡಿದ ಅವಳ ಸೋದರಮಾವ ರಜೆಗೆ ಬಂದಾಗ, ಬೆರಳ ತುದಿಗಳನ್ನು ಕೂಡಿಸಿ ಮೇಲ್ಮುಖವಾಗಿ ಹಿಡಿದು ಕೈಯನ್ನು ಮೆಲ್ಲಗೆ ಆಡಿಸಿದರು. ಅರಬರಲ್ಲಿ ಅದರ ಅರ್ಥ ‘ಸ್ವಲ್ಪ ತಾಳು’; ಇಟಲಿಯಲ್ಲಿ ಹೀಗೆಯೇ ಮಾಡಿದರೆ ‘ಏನು ಹೇಳುತ್ತಿದ್ದೀ’ ಎಂದು ಕೇಳಿದಂತೆ. ಮಗಳು ಒಳಗೆ ಹೋಗಿ ಮಾವನಿಗೆ ಬಟ್ಟಲು ತಂದಿಟ್ಟಳು.

ಕಳೆದ ತಿಂಗಳು ರೈಲಿನಲ್ಲಿ ತಮಿಳುನಾಡಿನ ಕಿವುಡ ಹುಡುಗನೊಬ್ಬ ಜೊತೆಯಾದ. ಅವನ ತಂದೆಗೂ ನನಗೂ ಮಾತು ಸಾಗಲಿಲ್ಲ. ಮಕ್ಕಳಿಬ್ಬರ ಕೈಗಳು ಕುಂಬಳೆಯವರೆಗೂ ನಿಲ್ಲಲಿಲ್ಲ. ವಾರದ ದಿನಗಳ ಸಂಜ್ಞೆಯಲ್ಲಿ ಮಾತ್ರ ಇಬ್ಬರಿಗೂ ಹೊಂದಾಣಿಕೆಯಾಗಲಿಲ್ಲ. ಅವನ ಏಳನ್ನೂ ಮಗಳು ಇಳಿಯುವ ಮೊದಲೇ ಕಲಿತುಕೊಂಡಳು.