ನೆಗೆಟಿವ್ ಎಂದು ಬರೆದವನು ನಾನೇ

ಶಾಲೆಯ ಮೇಷ್ಟ್ರೊಬ್ಬರ ರಕ್ತದ ವರದಿಯಲ್ಲಿ ‘ಸಿಆರ್‌ಪಿ ನೆಗೆಟಿವ್’ ಎಂದು ಬರೆದು ಸಹಿ ಹಾಕಿದವನು ನಾನೇ. ಸಿಆರ್‌ಪಿ ಎಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಏರುವಂಥದ್ದು. ಅರ್ಧ ಗಂಟೆಯೊಳಗೆ ವೈದ್ಯರ ಫೋನ್ ಬಂತು. ‘ಕಾಲು ಮೊಣಕಾಲಿನವರೆಗೆ ಊದಿ ಕೆಂಪಗಾಗಿದೆ, ಚಳಿಜ್ವರ ಬೇರೆ. ನೆಗೆಟಿವ್ ಹೇಗೆ ಬರುತ್ತದೆ? ಇನ್ನೊಮ್ಮೆ ನೋಡಿ.’

ಆಗ ನಮ್ಮ ತಾಲ್ಲೂಕು ಊರಿನ ಲ್ಯಾಬಿನಲ್ಲಿ ಇದ್ದದ್ದು ಲ್ಯಾಟೆಕ್ಸ್ ಕಿಟ್ ಮಾತ್ರ. ಕಪ್ಪು ಸ್ಲೈಡಿನ ವೃತ್ತದೊಳಗೆ ಒಂದು ಹನಿ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ಪಕ್ಕದಲ್ಲಿ ಚೆನ್ನಾಗಿ ಕುಲುಕಿದ ಲ್ಯಾಟೆಕ್ಸ್ (ಸಣ್ಣ ಮಣಿಗಳು ತೇಲುವ ಬಿಳಿ ದ್ರವ) ಒಂದು ಹನಿ. ಕಡ್ಡಿಯಿಂದ ಕಲಸಿ, ಮೆಲ್ಲಗೆ ಓಲಾಡಿಸುತ್ತಾ, ಸರಿಯಾಗಿ 2 ನಿಮಿಷಕ್ಕೆ ನೋಡಬೇಕು. ಸಿಆರ್‌ಪಿ ಲೀಟರಿಗೆ 6 ಮಿಲಿಗ್ರಾಂ ದಾಟಿದ್ದರೆ ಒಡೆದ ಹಾಲಿನಂತೆ ಹರಳುಹರಳಾಗುತ್ತದೆ, ಇಲ್ಲದಿದ್ದರೆ ನಯವಾಗಿಯೇ ಉಳಿಯುತ್ತದೆ. ತಡವಾದರೆ ಅಂಚು ಒಣಗಿ ಸುಳ್ಳು ಹರಳು ಕಾಣುತ್ತದೆ. ಸ್ಲೈಡ್ ಕೈಯಲ್ಲಿರುವಾಗ ನಾನು ಫೋನ್ ಎತ್ತುವುದಿಲ್ಲ.

ಮತ್ತೆ ಮಾಡಿದೆ. ಅದೇ ನಯ. ಪಾಸಿಟಿವ್ ಕಂಟ್ರೋಲ್ (ಸಿಆರ್‌ಪಿ ಇದೆಯೆಂದು ಗೊತ್ತಿರುವ, ಕಿಟ್ ಪರೀಕ್ಷಿಸುವ ದ್ರವ) ಚೆನ್ನಾಗಿಯೇ ಒಡೆಯಿತು, ಹಾಗಾಗಿ ಕಿಟ್ಟಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದ ಕಾಗದವನ್ನು ಅಂದು ಮೊದಲ ಬಾರಿ ಕೊನೆಯವರೆಗೆ ಓದಿದೆ. ‘ಪ್ರೋಜೋನ್’ ಎಂಬ ಪದ ಅಲ್ಲಿತ್ತು.

ಲ್ಯಾಟೆಕ್ಸ್ ಮಣಿಗಳ ಮೈತುಂಬ ಸಿಆರ್‌ಪಿಯನ್ನು ಹಿಡಿಯುವ ಪ್ರತಿಕಾಯಗಳಿರುತ್ತವೆ. ಒಂದೇ ಸಿಆರ್‌ಪಿಯನ್ನು ಎರಡು ಮಣಿಗಳು ಹಿಡಿದಾಗಲೇ ಗಂಟು ಬೀಳುವುದು. ಸಿಆರ್‌ಪಿ ವಿಪರೀತವಾದರೆ ಪ್ರತಿ ಮಣಿಯ ಕೈಯೂ ಮೊದಲೇ ಭರ್ತಿ, ಇನ್ನೊಂದರ ಪಾಲಿಗೆ ಕೈ ಚಾಚಲು ಯಾವುದಕ್ಕೂ ಬಿಡುವಿಲ್ಲ. ಸ್ಲೈಡ್ ನಯವಾಗಿಯೇ ಇರುತ್ತದೆ. ಇದೇ ಪ್ರೋಜೋನ್.

ಸೀರಂ ಅನ್ನು ಸಲೈನಿನಲ್ಲಿ ಎರಡು, ನಾಲ್ಕು, ಎಂಟು ಪಟ್ಟು ತೆಳುವಾಗಿಸುತ್ತಾ ಹೋದೆ. ನಾಲ್ಕರಲ್ಲಿ ಸಣ್ಣ ಹರಳು, ಎಂಟರಲ್ಲಿ ಪೂರ್ತಿ ಒಡೆದ ಹಾಲು. ಅರವತ್ತನಾಲ್ಕರವರೆಗೂ ಕಂಡಿತು. ಅಂದರೆ 64 ಗುಣಿಸು 6 (ಹರಳು ಕಾಣುವ ಕನಿಷ್ಠ ಮಟ್ಟ), ಲೀಟರಿಗೆ ಸುಮಾರು 384 ಮಿಲಿಗ್ರಾಂ. (ಕೆಲವು ಲ್ಯಾಬುಗಳು ಡೆಸಿಲೀಟರ್ ಲೆಕ್ಕದಲ್ಲಿ ಬರೆಯುತ್ತವೆ. ಅಲ್ಲಿ ಇದೇ 38.4. ವರದಿ ಹೋಲಿಸುವಾಗ ಮೊದಲು ಅಳತೆಯ ಮಾನ ನೋಡಿ.) ವೈದ್ಯರಿಗೆ ನಾನೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ಸೀರಂನಲ್ಲಿ ಕಂಡುಕೊಂಡ ಪ್ರೋಟೀನ್ ಈ ಸಿಆರ್‌ಪಿ. ತಯಾರಾಗುವುದು ಯಕೃತ್ತಿನಲ್ಲಿ. ಯಾವ ರೋಗಾಣು, ದೇಹದ ಯಾವ ಭಾಗದಲ್ಲಿ ಎಂದು ಅದು ಹೇಳುವುದಿಲ್ಲ. ಆದರೆ ಉರಿಯೂತ ತಣ್ಣಗಾದರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಒಂದು ವರದಿಗಿಂತ ಒಂದರ ಹಿಂದೊಂದು ಬಂದ ಮೂರು ವರದಿಗಳನ್ನು ನಾನು ಹೆಚ್ಚು ನಂಬುತ್ತೇನೆ.

ಅಂದಿನಿಂದ ಪ್ರತಿ ಸೀರಂಗೂ ಎರಡು ವೃತ್ತ: ಒಂದರಲ್ಲಿ ಹಾಗೆಯೇ, ಇನ್ನೊಂದರಲ್ಲಿ ಹತ್ತು ಪಟ್ಟು ತೆಳು. ಕಿಟ್ ಬೇಗ ಖಾಲಿಯಾಗುತ್ತದೆಂದು ಮಾಲೀಕರು ಗೊಣಗಿದರು.

ಐದನೆಯ ದಿನ ಮೇಷ್ಟ್ರು ತಾವೇ ನಡೆದು ಬಂದರು. ಅಂದು 48ಕ್ಕೆ ಇಳಿದಿತ್ತು. ತೋಳು ಮಡಚುತ್ತಾ ನಕ್ಕರು: ‘ನಮ್ಮ ಶಿಕ್ಷಣ ಇಲಾಖೆಯ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಬಂದರೆ ಹಾಜರಿ ಪುಸ್ತಕ ನೋಡಿ ಹೋಗುತ್ತಾರೆ. ನಿಮ್ಮದು ರಕ್ತವನ್ನೇ ಕೇಳುತ್ತದಲ್ಲ!’